ಹಿಮ್ಮಡಿಯ ಕುಳಿ

ಆಣೆಗೂ ಸುಳ್ಳಲ್ಲ, ಒಂದಕ್ಷರ ಕೂಡ ಸುಳ್ಳಲ್ಲ, ಬೇಕಿದ್ದರೆ ಬಲಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಹೇಳುತ್ತೇನೆ — ಆದರೆ ಬಲಗೈಯಲ್ಲಿ ನನ್ನ ಟೀ ಲೋಟ ಇದೆ, ಎಡಗೈಯಲ್ಲಿ ಮಾವನದು, ಸಕ್ಕರೆ ಇಲ್ಲದ್ದು, ಮತ್ತೆ ಹೇಳುತ್ತಿರುವುದಾದರೂ ಯಾರಿಗೆ, ಬಾಗಿಲಲ್ಲಿ ನಾನೊಬ್ಬನೇ ನಿಂತಿದ್ದೇನೆ, ಉಳಿದವರೆಲ್ಲ ಆ ಉದ್ದ ಮೇಜಿನ ಸುತ್ತ ಬಗ್ಗಿದ್ದಾರೆ, ಬರೀ ಬೆನ್ನುಗಳು, ಬೆನ್ನುಗಳ ಸಂದಿಯಲ್ಲಿ ಹಲ್ಲು ಡಾಕ್ಟರ ಮೊಣಕೈ, ಅದು ಸಣ್ಣಗೆ ತಿರುಗುತ್ತಿದೆ, ನಿಲ್ಲುತ್ತಿದೆ, ಮತ್ತೆ ತಿರುಗುತ್ತಿದೆ, ಸ್ಕ್ರೂಡ್ರೈವರ್ ಹಿಡಿದ ಮೊಣಕೈ ಮಾತ್ರ ಹಾಗೆ ತಿರುಗುವುದು, ಯಾರದ್ದೋ ಕೀಬೋರ್ಡು ಬಿಚ್ಚುತ್ತಿದ್ದಾರೆ ಪಾಪ, ಬೂದು ಬಣ್ಣದ್ದು, ಮಗುಚಿ ಹಾಕಿದ್ದಾರೆ, ಮೂಲೆಯಲ್ಲಿ ಒಂದು ಗೀರು — ಆ ಗೀರು ನಾನೇ ಮಾಡಿದ್ದು. ನನ್ನದು. ನನ್ನ ಕೀಬೋರ್ಡು. ಟೀ ತರೋಕೆ ಕೆಳಗೆ ಸೈಕಲ್ ಅಂಗಡಿಯ ಪಕ್ಕಕ್ಕೆ ಹೋಗಿ ಬರುವಷ್ಟರಲ್ಲಿ ಇವರಿಗೆ ಯಾರು ಅಪ್ಪಣೆ ಕೊಟ್ಟರು, ಕೊಟ್ಟವರು ಅಲ್ಲೇ ಡಾಕ್ಟರ ಪಕ್ಕದಲ್ಲೇ ನಿಂತಿದ್ದಾರೆ, ಕೈ ಹಿಂದೆ ಕಟ್ಟಿಕೊಂಡು, ಎದೆಯುಬ್ಬಿಸಿಕೊಂಡು, ನನ್ನ ಮಾವ, ತಿರುಗಿ ನೋಡಿ ನಗುತ್ತಾರೆ, ಬನ್ನಿ ಅಳಿಯಂದ್ರೇ ಬನ್ನಿ, ನೀವು ಬರೋವರೆಗೂ ಕಾಯೋಣ ಅಂದ್ರು ಇವರು, ನಾನೇ ಹೇಳ್ದೆ, ತೆಗೀರಿ ಡಾಕ್ಟ್ರೇ ಅದಕ್ಕೇನು, ನಮ್ಮ ಅಳಿಯಂದ್ರು ಏನನ್ನೂ ಮುಚ್ಚಿಡೋರಲ್ಲ ಅಂತ. ಮುಚ್ಚಿಡೋರಲ್ಲ. ಟೀ ತುಳುಕಿ ಹೆಬ್ಬೆರಳಿಗೆ ಬಿತ್ತು, ಬಿಸಿ, ಒಳ್ಳೇದಾಯಿತು ಬಿಡು, ಇನ್ನಷ್ಟು ಬೀಳಲಿ.

ತಪ್ಪು ನನ್ನ ಬಾಯಿಯದ್ದು, ಬಾಯಿ ಒಂದು ಸುಮ್ಮನಿದ್ದಿದ್ದರೆ, ಹೋದ ಸಲ ಇದೇ ಮಹಡಿಯಲ್ಲಿ ಇದೇ ಮೇಜಿನ ಮೇಲೆ ಎಲ್ಲರೂ ಅವರವರ ಕೀಬೋರ್ಡು ಹರಡಿಕೊಂಡು ಒಬ್ಬರದ್ದನ್ನೊಬ್ಬರು ಒತ್ತಿ ನೋಡಿ ತಲೆ ಅಲ್ಲಾಡಿಸುತ್ತಿದ್ದಾಗ — ನಮ್ಮ ಕೂಟದಲ್ಲಿ ಇದೇ ಕೆಲಸ, ಹೊರಗಿನವರು ನೋಡಿದರೆ ಬೆರಳಚ್ಚಿನವರಿಗೆ ದೆವ್ವ ಹಿಡಿದಿದೆ ಅಂದುಕೊಳ್ಳಬೇಕು — ಡಾಕ್ಟರು ನನ್ನ ಎಂಟರ್ ಕೀ ಒತ್ತಿದರು, ಡುಬ್, ಮತ್ತೆ ಒತ್ತಿದರು, ಡುಬ್, ಆಳದ ಬಾವಿಗೆ ಕಲ್ಲು ಬಿದ್ದ ಹಾಗೆ, ಕಣ್ಣು ಮುಚ್ಚಿಕೊಂಡರು, ಗುರುಗಳೇ ಒಳಗೆ ಏನು ಹಾಕಿದ್ದೀರಿ, ಇಂಥ ಸದ್ದು ನಾನು ಕೇಳೇ ಇಲ್ಲ, ಇಡೀ ಕೋಣೆ ನನ್ನ ಕಡೆ ತಿರುಗಿತು, ನನಗೆ ಅಷ್ಟೇ ಸಾಕಾಯಿತು, ಬಾಯಿ ತಾನೇ ತೆರೆದುಕೊಂಡಿತು, ಅದು ವಿಮಾನದ ಪೈಲಟ್ ಸೀಟಿನ ಸ್ಪಂಜು ಡಾಕ್ಟ್ರೇ, ಹಳೇ ವಿಮಾನ, ಗುಜರಿಯವನೊಬ್ಬ ನನಗೋಸ್ಕರ ಎತ್ತಿಟ್ಟಿದ್ದ, ಆ ಪೈಲಟ್ ಜೀವಮಾನವಿಡೀ ಅದರ ಮೇಲೆ ಕೂತು ಮೋಡದ ಗುಡುಗನ್ನೆಲ್ಲ ಅದಕ್ಕೆ ಕುಡಿಸಿದ್ದಾನೆ, ಇನ್ನು ಈ ಎಂಟರ್ ಕೀ ಯಾವ ಲೆಕ್ಕ. ಯಾರೂ ನಗಲಿಲ್ಲ. ಕೀಬೋರ್ಡಿನವರು ಏನನ್ನಾದರೂ ನಂಬುತ್ತಾರೆ, ಅದಕ್ಕೇ ನಾನು ಇವರ ಜೊತೆ ಸೇರಿದ್ದು, ಮನೆಯಲ್ಲಿ ನನ್ನನ್ನು ಯಾರೂ ನಂಬುವುದಿಲ್ಲ, ಮಾವನೊಬ್ಬರನ್ನು ಬಿಟ್ಟು. ಮೊದಲನೇ ಸ್ಕ್ರೂ ಬಂತು, ಡಾಕ್ಟರು ಅದನ್ನು ತಟ್ಟೆಗೆ ಹಾಕಿದರು, ಟಿಣ್, ಹಲ್ಲು ಕಿತ್ತು ಹಾಕಿದ ಹಾಗೆ, ಪೈಲಟ್ಟಪ್ಪಾ ಎಲ್ಲಿದ್ದೀಯ, ಬಾಯಿ ತೆಗೀ ನೋಡೋಣ ಅಂತಿದ್ದಾರೆ ಡಾಕ್ಟರು, ಎಲ್ಲರೂ ನಗುತ್ತಿದ್ದಾರೆ, ಮಾವನೂ.

ಎಷ್ಟು ಸ್ಪಂಜು ತುಂಬಿ ನೋಡಿದೆ ನಾನು, ಸದ್ದು ಕಡಿಮೆ ಮಾಡೋಕೆ ಅಂತ, ಕಡಿಮೆ ಅಲ್ಲ, ಸದ್ದನ್ನು ಒಳ್ಳೇದು ಮಾಡೋಕೆ, ಅದು ಬೇರೆ, ಹೇಳಿದರೆ ಹೆಂಡತಿಗೆ ಅರ್ಥವಾಗುವುದಿಲ್ಲ, ದಿನವಿಡೀ ಮಿಕ್ಸರು ಇಸ್ತ್ರಿಪೆಟ್ಟಿಗೆಗಳ ಕೈಪಿಡಿ ಬರೆಯುವವನಿಗೆ, ಮುಚ್ಚಳ ತೆಗೆಯುವ ಮುನ್ನ ಸ್ವಿಚ್ಚು ಆರಿಸಿ ಒದ್ದೆ ಕೈಯಲ್ಲಿ ಮುಟ್ಟಬೇಡಿ ಮಕ್ಕಳಿಂದ ದೂರವಿಡಿ ಅಂತ ಬರೆಯುವವನಿಗೆ, ಬರೆದದ್ದರಲ್ಲಿ ಸುಖವಿಲ್ಲ, ಬರೆಯುವ ಸದ್ದಿನಲ್ಲಾದರೂ ಇರಲಿ ಬಿಡಿ ಅಂತ ಶುರುವಾಗಿದ್ದು, ಒಂದೊಂದೇ ಕೀಯ ಕೆಳಗಿನ ಪುಟ್ಟ ಸ್ವಿಚ್ಚನ್ನು ಬಿಚ್ಚುವುದು, ಒಳಗಿನ ಸ್ಪ್ರಿಂಗು ತೆಗೆಯುವುದು, ಬ್ರಶ್ಶಿನ ತುದಿಯಲ್ಲಿ ಇರುವೆ ತಲೆಯಷ್ಟು ಗ್ರೀಸು ಸವರುವುದು, ರೀ ಅದು ನಾನು ಕಣ್ಣಿಗೆ ಹಚ್ಕೊಳೋ ಬ್ರಶ್ಶು, ಗೊತ್ತು ಕಣೇ ಒಗೆದು ಇಡ್ತೀನಿ, ಕೀಗಳ ಟೋಪಿಗಳನ್ನೆಲ್ಲ ಸೋಪಿನ ನೀರಲ್ಲಿ ನೆನೆಸಿ ಹಿಟ್ಟಿನ ಜರಡಿಯಲ್ಲಿ ಹಾಕಿ ಒಣಗಿಸುವುದು, ಒಂದು ದಿನ ಆ ಜರಡಿಯಲ್ಲೇ ಅವಳು ಹಿಟ್ಟು ಸಾಣಿಸಿ ಊಟಕ್ಕೆ ಕೂತಾಗ ಮಾವನ ತಟ್ಟೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಸಿಕ್ಕಿತು, ಮಾವ ಅದನ್ನು ಎತ್ತಿ ಹಿಡಿದು ನೋಡಿ, ಜೇಬಿನಿಂದ ಹಳದಿ ಕಾರ್ಡು ತೆಗೆದು ನನಗೆ ತೋರಿಸಿದರು, ಮೊದಲನೇ ಎಚ್ಚರಿಕೆ ಅಳಿಯಂದ್ರೇ, ಆಮೇಲೆ ಊಟ ಮುಂದುವರಿಸಿದರು. ಫುಟ್‌ಬಾಲ್ ರೆಫರಿ ಅವರು, ಊಟದ ಮನೆಯಲ್ಲೂ. ಒಳಗೆ ತುಂಬೋಕೆ ಸೋಫಾದ ಸ್ಪಂಜು ನೋಡಿದೆ, ಪುಸುಕ್ ಅನ್ನುತ್ತಿತ್ತು, ಅವಳ ಯೋಗದ ಚಾಪೆಯ ಒಂದು ತುದಿ ಕತ್ತರಿಸಿದೆ, ಅವಳು ಇವತ್ತಿಗೂ ಚಾಪೆ ಗಿಡ್ಡವಾಗಿದೆಯೋ ತಾನು ಉದ್ದವಾಗಿದ್ದೇನೋ ಅಂತ ಯೋಚಿಸುತ್ತಾಳೆ, ಟಿವಿ ಬಂದ ಡಬ್ಬದ ಥರ್ಮಾಕೋಲು, ಚಳಿಗಾಲದ ಟೋಪಿ, ಪಾತ್ರೆ ಉಜ್ಜುವ ಸ್ಕ್ರಬ್ಬರು, ಈ ಹುಚ್ಚು ಹಿಡಿದವನ ಕಣ್ಣಿಗೆ ಲೋಕದಲ್ಲಿ ಮೆತ್ತಗಿರುವುದೆಲ್ಲ ಒಂದೇ ಜಾತಿ, ಯಾರ ತಲೆದಿಂಬು ನೋಡಿದರೂ ಹಿಂಡಿ ನೋಡುತ್ತಾನೆ. ಆಮೇಲೆ ಆ ಬೆಳಿಗ್ಗೆ ಬಟ್ಟೆ ಒಣಗಿಸುವ ಕಟ್ಟೆಯ ಮೇಲೆ ಅದು ಮಲಗಿತ್ತು, ಬಿಸಿಲಿಗೆ, ಉದ್ದಕ್ಕೆ, ಬೂದು ಬಣ್ಣದ್ದು, ಬೂಟಿನ ಒಳಗೆ ಹಾಸುವ ಮೆತ್ತೆ, ಹಳೇದು ಅಂದುಕೊಂಡೆ, ಎಸೆಯೋಕೆ ಇಟ್ಟಿದ್ದಾರೆ ಅಂದುಕೊಂಡೆ, ಇದು ನಿಜ, ಆಣೆಗೂ ನಿಜ, ಆ ಕ್ಷಣಕ್ಕೆ ಅದು ನಿಜ — ನನ್ನ ಕೀಬೋರ್ಡು ಗಿಡ್ಡದ್ದು, ನಂಬರಿನ ಕೀಗಳ ಗುಂಪಿಲ್ಲದ್ದು, ಅದರ ಕೆಳಗಿನ ಪೆಟ್ಟಿಗೆ ತಂದು ಮೆತ್ತೆಯ ಪಕ್ಕ ಇಟ್ಟು ನೋಡಿದೆ, ಅದೇ ಉದ್ದ, ಅದೇ ಅಗಲ, ಅಳತೆ ಕೊಟ್ಟು ಮಾಡಿಸಿದ ಹಾಗೆ. ಅಳತೆ ಕೊಟ್ಟೇ ಮಾಡಿಸಿದ್ದು, ನನ್ನ ಅಳತೆ ಅಲ್ಲ ಅಷ್ಟೇ. ಬೆರಳಿನ ಕಡೆ ಚೌಕಾಕಾರಕ್ಕೆ ಕತ್ತರಿಸಿದೆ, ಸ್ಕ್ರೂ ಹೋಗುವ ಕಡೆಯೆಲ್ಲ ತೂತು ಮಾಡಿದೆ, ಹಿಮ್ಮಡಿ ಕಡೆ ಒಂದು ಕುಳಿ ಇತ್ತು, ಚಮಚದಲ್ಲಿ ತೋಡಿದ ಹಾಗೆ, ನಡುವಿನಿಂದ ಸ್ವಲ್ಪ ಓರೆಗೆ, ಅದನ್ನು ಮುಟ್ಟಲಿಲ್ಲ, ಅದು ಸರಿಯಾಗಿ ಎಂಟರ್ ಕೀಯ ಕೆಳಗೆ ಬಂತು, ಒತ್ತಿದೆ, ಡುಬ್. ಕೂದಲು ನಿಮಿರಿತು. ಆ ಕುಳಿಯಿಂದಲೇ ಆ ಸದ್ದು.

ಎರಡನೇದು, ಟಿಣ್. ಒಂದು ಸ್ಕ್ರೂವಿನ ತಲೆಯಾದರೂ ಸವೆದಿರಬಾರದಿತ್ತೇ, ಡ್ರೈವರು ಜಾರಿ ಜಾರಿ ಸುತ್ತಿ ಸಾಕಪ್ಪಾ ಸಾಕು ಅನ್ನಿಸಬಾರದಿತ್ತೇ, ಇಲ್ಲ, ನಾನು ಅಚ್ಚುಕಟ್ಟಿನವನು, ಪ್ರತಿ ಸ್ಕ್ರೂಗೂ ಎಣ್ಣೆ ಹಾಕಿ ಕೂರಿಸಿದ್ದೇನೆ, ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿವೆ, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ ಗುರುಗಳೇ ಅಂತ ಡಾಕ್ಟರು ಮೆಚ್ಚುತ್ತಿದ್ದಾರೆ, ಇವರೇ ಹಾಗೆ ಡಾಕ್ಟ್ರೇ ಅಂತ ಮಾವ, ಕೆಲಸ ಅಂದ್ರೆ ಕೆಲಸ. ಆ ಸಂಜೆ ಮಾವ ಬೂಟು ಹಾಕಿಕೊಳ್ಳೋಕೆ ಕೂತರು, ಮಕ್ಕಳ ಪಂದ್ಯ ಇತ್ತು, ಮನೆ ಹಿಂದಿನ ಮೈದಾನದಲ್ಲಿ, ಈ ವಯಸ್ಸಿನಲ್ಲೂ ಅವರೇ ರೆಫರಿ, ಹಿಂದೆ ಯಾವುದೋ ದೊಡ್ಡ ಪಂದ್ಯದಲ್ಲಿ ಗೋಲ್‌ಕೀಪರೊಬ್ಬ ಚೆಂಡು ಬಿಟ್ಟು ಇವರ ಹಿಮ್ಮಡಿಗೇ ಒದ್ದಿದ್ದನಂತೆ, ಇವರು ಬಿದ್ದಲ್ಲಿಂದಲೇ ಕೆಂಪು ಕಾರ್ಡು ಎತ್ತಿ ಹಿಡಿದಿದ್ದರಂತೆ, ಅವನು ಹೊರಗೆ ಹೋಗುವವರೆಗೂ ಕೈ ಇಳಿಸಲಿಲ್ಲವಂತೆ, ಅವತ್ತು ಒಡೆದ ಎಲುಬು ಓರೆಯಾಗಿ ಕೂಡಿಕೊಂಡಿದೆ, ನೆಲಕ್ಕೆ ತಾಗಿದರೆ ಜೀವ ಹೋಗುತ್ತದೆ, ಅದಕ್ಕೇ ಬೂಟಿನವನು ಆ ಎಲುಬು ಕೂರುವ ಹಾಗೆ ಕುಳಿ ಮಾಡಿ ಕೊಟ್ಟಿದ್ದ ಮೆತ್ತೆ, ಇದೆಲ್ಲ ನನಗೆ ಗೊತ್ತಿತ್ತು, ಕಥೆ ಗೊತ್ತಿತ್ತು, ಮೆತ್ತೆ ನೋಡಿರಲಿಲ್ಲ, ಬೂಟಿನ ಒಳಗೆ ಕೈ ಹಾಕಿ ನೋಡುವ ಅಳಿಯ ಯಾರಿದ್ದಾನೆ. ಅಮ್ಮಣ್ಣೀ, ಇಲ್ಲೊಂದು ಒಣಗೋಕೆ ಇಟ್ಟಿದ್ನಲ್ಲ, ಮಗಳನ್ನು ಕೇಳುತ್ತಿದ್ದಾರೆ, ನಾನು ಒಳಕೋಣೆಯಲ್ಲಿ ಎಂಟರ್ ಒತ್ತುತ್ತಿದ್ದೇನೆ, ಡುಬ್, ಡುಬ್, ಬೆರಳು ಗಾಳಿಯಲ್ಲೇ ನಿಂತಿತು. ಹೇಳಬಹುದಿತ್ತು. ಮಾವ ಎಡವಟ್ಟಾಯ್ತು ಅಂದಿದ್ದರೆ ಒಂದು ಹಳದಿ ಕಾರ್ಡಿಗೆ ಮುಗಿಯುತ್ತಿತ್ತು, ಆದರೆ ತೂತು ಮಾಡಿ ಆಗಿತ್ತು, ಊಟವಾದ ಮೇಲೆ ಹೇಳೋಣ ಅಂದುಕೊಂಡೆ, ಊಟದ ಹೊತ್ತಿಗೆ ಎಲ್ಲರೂ ಹುಡುಕುತ್ತಿದ್ದರು, ನಾನೂ ಹುಡುಕಿದೆ, ಟಾರ್ಚು ಹಿಡಿದು ಸೋಫಾದ ಕೆಳಗೆ ಮಲಗಿಕೊಂಡು ನಾನು ಹುಡುಕಿದ ಹಾಗೆ ಯಾರೂ ಹುಡುಕಲಿಲ್ಲ, ಅಷ್ಟು ಸಾಲದು ಅಂತ ಬಾಯಿ ತೆರೆಯಿತು, ಒಂದು ನಾಯಿ ಮಾವ, ಕಂದು ನಾಯಿ, ಬಾಯಲ್ಲಿ ಏನೋ ಬೂದು ಬಣ್ಣದ್ದು ಕಚ್ಕೊಂಡು ಮೂಲೆ ಮನೆ ಕಡೆ ಓಡ್ತಿತ್ತು, ಓಡ್ತಾ ಒಂದು ಸಲ ತಿರುಗಿ ನನ್ನ ನೋಡ್ತು. ಮಾವ ಮೂಲೆ ಮನೆಗೆ ಕುಂಟಿಕೊಂಡು ಹೋಗಿ ಬಂದರು. ಅವರ ನಾಯಿಗೆ ಹಲ್ಲೇ ಇಲ್ಲವಂತೆ ಅಳಿಯಂದ್ರೇ, ಗಂಜಿ ಕುಡಿಯುತ್ತಂತೆ. ನನ್ನ ಮೇಲೆ ಅನುಮಾನವೇ ಇಲ್ಲದ ಮುಖ, ಪಾಪ ನೀವು ಬೇರೆ ನಾಯಿ ನೋಡಿರ್ಬೇಕು ಬಿಡಿ, ನಾನೇ ಎಲ್ಲೋ ಇಟ್ಟಿರ್ತೀನಿ.

ನಾನೇ ಎಲ್ಲೋ ಇಟ್ಟಿರ್ತೀನಿ — ಅಲ್ಲಿಂದ ಎಲ್ಲ ಜಾರಿತು. ಹೆಂಡತಿ ಅಡುಗೆಮನೆಯಲ್ಲಿ ದನಿ ಇಳಿಸಿ, ರೀ, ಅಪ್ಪಂಗೆ ಮರೆವು ಶುರುವಾಗಿದೆ ಕಣ್ರೀ, ಕಟ್ಟೆ ಮೇಲೆ ಇಟ್ಟೆ ಅಂತಾರೆ, ಕಟ್ಟೆ ಮೇಲೆ ಏನೂ ಇಲ್ಲ, ನಾನು ಹೌದಾ ಅಂದೆ. ಹೌದಾ. ಆಮೇಲೆ ಅವರು ಕನ್ನಡಕ ಹುಡುಕಿದರೆ ಮರೆವು, ಎಲ್ಲರೂ ಹುಡುಕುವ ಹಾಗೆ ಹುಡುಕಿದರೂ ಮರೆವು, ಮಾತಿನ ನಡುವೆ ಒಂದು ಹೆಸರು ನೆನಪಿಗೆ ಬಾರದೆ ನಿಂತರೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು, ನಾನೂ ನೋಡಿದೆ, ಗೊತ್ತಿದ್ದೂ, ನೋಡುವುದು ಅಭ್ಯಾಸವಾಯಿತು, ಮನೆ ಬೀಗದ ಕೈ ಅವರ ಜೇಬಿನಿಂದ ಅವಳ ಪರ್ಸಿಗೆ ಹೋಯಿತು, ಗ್ಯಾಸ್ ಹತ್ರ ಹೋಗಬೇಡ ಅಪ್ಪ, ಒಬ್ಬನೇ ಆಚೆ ಹೋಗಬೇಡ ಅಪ್ಪ, ಅದಕ್ಕೇ ತಾನೇ ಇವತ್ತು ನನ್ನ ಜೊತೆ ಇಲ್ಲಿಗೆ ಬಂದಿದ್ದು, ಒಬ್ಬರನ್ನೇ ಬಿಟ್ಟು ಹೋಗಬೇಡಿ ರೀ, ಕರ್ಕೊಂಡು ಹೋಗಿ. ಹೊಸ ಮೆತ್ತೆ ಮಾಡಿಸೋಣ ಅಂತ ನಾನೇ ಹೇಳಿದೆ, ದೊಡ್ಡ ಮನಸ್ಸು ಮಾಡಿ ಹೇಳಿದೆ, ಬೇಡ ಅಂದರು, ಮಾಡಿಸಿದರೆ ನಾನೇ ಕಳೆದೆ ಅಂತ ಒಪ್ಪಿಕೊಂಡ ಹಾಗೆ, ನಾನು ಕಟ್ಟೆ ಮೇಲಿಟ್ಟೆ, ಕೈಯಾರೆ ಇಟ್ಟೆ, ಕರವಸ್ತ್ರ ಮಡಚಿ ಬೂಟಿನೊಳಗೆ ಹಾಕಿಕೊಂಡು, ಮನೆಯೊಳಗೂ ಬೂಟು ಬಿಚ್ಚದೆ, ಹಿಮ್ಮಡಿ ಊರದೆ ಬೆರಳ ಮೇಲೆ ನಡೆಯೋಕೆ ಶುರು ಮಾಡಿದರು, ಎಡ ಬೂಟು ಸಡಿಲವಾಗಿ ನೆಲಕ್ಕೆ ಬಡಿಯುತ್ತದೆ, ಟಪ್, ಬಲದ್ದು ಸದ್ದಿಲ್ಲ, ಟಪ್, ಬಲದ್ದು ಸದ್ದಿಲ್ಲ, ಮನೆಯಲ್ಲಿ ಎಲ್ಲಿ ಕೂತರೂ ಕೇಳುತ್ತದೆ, ನನ್ನ ಕೀಬೋರ್ಡಿನಲ್ಲಿದ್ದ ಕೆಟ್ಟ ಸದ್ದನ್ನು ತೆಗೆದು ಅವರ ಕಾಲಿಗೆ ಕಟ್ಟಿದ್ದೇನೆ, ನಾನು ಕೈಪಿಡಿ ಬರೆಯುತ್ತೇನೆ, ಡುಬ್ ಡುಬ್, ಅವರು ಹಜಾರದಲ್ಲಿ ಓಡಾಡುತ್ತಾರೆ, ಟಪ್. ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಮನೆಗೇ ಬಂದ, ಬಿಸ್ಕತ್ತು ತಿಂದ, ಸರ್ ನೀವು ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ಮಕ್ಕಳ ಅಪ್ಪಂದಿರು ಮಾತಾಡ್ತಿದ್ದಾರೆ, ಓಡೋಕೆ ಆಗಲ್ಲ ಅಂತ ಅಲ್ಲ ಸರ್, ಅದು, ಗೋಲು ಎಷ್ಟಾಯ್ತು ಅಂತ ಮರೆತುಬಿಟ್ರೆ ಅಂತ. ಮಾವ ಕೊರಳಿನಿಂದ ಸೀಟಿ ತೆಗೆದು ಅವನ ಮುಂದಿಟ್ಟರು, ಅಂಗಿ ಜೇಬಿನಿಂದ ಎರಡು ಕಾರ್ಡು ತೆಗೆದು ಅದರ ಮೇಲಿಟ್ಟರು, ಕಾರ್ಡುಗಳನ್ನು ಅವನು ಕೇಳಿರಲಿಲ್ಲ, ಇವನ್ನೂ ತಗೊಂಡು ಹೋಗಪ್ಪ, ಮರೆಯೋನು ಇನ್ನೊಬ್ಬನ್ನ ಹೊರಗೆ ಕಳಿಸಬಾರದು. ನಾನು ಅಲ್ಲೇ ಕೂತಿದ್ದೆ. ನಾನೂ ಬಿಸ್ಕತ್ತು ತಿನ್ನುತ್ತಿದ್ದೆ. ಆ ಬಿಸ್ಕತ್ತಿನ ಸದ್ದು ಎಷ್ಟು ಜೋರಾಗಿತ್ತು ಅಂದರೆ — ಮೂರನೇದೂ ಬಂತು, ಟಿಣ್, ಇನ್ನೊಂದೇ ಇರುವುದು.

ಈಗಲೂ ಹೋಗಿ ತಡೆಯಬಹುದು, ಎರಡು ಹೆಜ್ಜೆ, ಡಾಕ್ಟ್ರೇ ಬೇಡ, ಒಳಗೆ ನಾಜೂಕು, ಬಿಸಿಲು ತಾಗಿದರೆ ಆ ಸ್ಪಂಜು ಸಾಯುತ್ತದೆ, ಅದು ಕತ್ತಲಲ್ಲೇ ಬದುಕೋ ಸ್ಪಂಜು, ನೋಡು, ಈಗಲೂ ಕಥೆ ಬರುತ್ತಿದೆ ಬಾಯಿಗೆ, ನಿಜ ಒಂದೂ ಬರುತ್ತಿಲ್ಲ, ಎರಡೂ ಕೈಯಲ್ಲಿ ಲೋಟ, ಲೋಟ ಇಡೋಕೆ ಜಾಗವಿಲ್ಲ ಎಲ್ಲ ಕಡೆ ಕೀಬೋರ್ಡು, ಲೋಟದ ನೆಪ, ನಾಚಿಕೆಗೆಟ್ಟವನೇ, ಮಾವ ನನ್ನ ಕಡೆ ನೋಡಿ ಜಾಗ ಮಾಡುತ್ತಿದ್ದಾರೆ, ಬನ್ನಿ ನೀವೇ ತೋರಿಸಿ, ನೀವು ಮನೇಲಿ ಹೇಳಿದ ಪೈಲಟ್ ಕಥೆ ನಾನು ಕ್ಲಬ್ಬಲ್ಲೂ ಹೇಳಿದ್ದೆ ಗೊತ್ತಾ, ಆಗಿನ್ನೂ ಅಲ್ಲಿಗೆ ಹೋಗ್ತಿದ್ನಲ್ಲ. ಟಿಣ್. ಡಾಕ್ಟರು ಉಗುರು ಸಂದಿಗೆ ಹಾಕಿ ಮೀಟಿದರು, ಚಟ್ ಅಂತ ಬಿಟ್ಟುಕೊಂಡಿತು ಪೆಟ್ಟಿಗೆ, ಮೇಲಿನದನ್ನು ಎತ್ತಿದರು, ಒಳಗೆ ಅದು ಮಲಗಿತ್ತು, ಉದ್ದಕ್ಕೆ, ಬೂದು ಬಣ್ಣಕ್ಕೆ, ತೂತು ತೂತಾಗಿ, ಹಿಂದಿನಿಂದ ಯಾರೋ, ಇದೇನ್ರೀ ಗುರುಗಳೇ, ನಿಮ್ಮ ಪೈಲಟ್ ಕಾಲಿನ ಮೇಲೆ ಕೂತ್ಕೊತಿದ್ನಾ, ಎಲ್ಲರೂ ಹೋ ಅಂತ ನಕ್ಕರು, ಡಾಕ್ಟರು ಮೇಜಿಗೆ ಕೈ ಬಡಿದು ನಕ್ಕರು, ನಾನೂ ನಕ್ಕೆ, ನನ್ನ ಬಾಯಿ ನಕ್ಕಿತು, ನಗದೆ ಇದ್ದವರು ಒಬ್ಬರೇ. ಮಾವ ಬೆರಳು ಚಾಚಿ ಅದನ್ನು ಮುಟ್ಟಿದರು. ಚೌಕಾಕಾರಕ್ಕೆ ಕತ್ತರಿಸಿದ ಕಡೆಯಿಂದ ಬೆರಳು ಜಾರಿಸಿಕೊಂಡು ಬಂದು ಹಿಮ್ಮಡಿಯ ಕುಳಿಯಲ್ಲಿ ಹೆಬ್ಬೆರಳು ಇಟ್ಟರು, ಒತ್ತಿ ಹಿಡಿದರು, ಓರೆ ಇರುವ ಕಡೆ ಹೆಬ್ಬೆರಳೂ ಓರೆಯಾಯಿತು. ನಗು ಒಂದೊಂದಾಗಿ ನಿಂತಿತು, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಆದರೂ ನಿಂತಿತು. ಬೈಯಿರಿ ಮಾವ, ಕೈ ಎತ್ತಿ, ಇವರ ಮುಂದೆಯೇ, ಕೆಂಪು ಕಾರ್ಡು — ಅವರ ಕೈ ಅಂಗಿ ಜೇಬಿನ ಹತ್ತಿರ ಹೋಯಿತು, ಹೋಗಿ, ಖಾಲಿ ಜೇಬಿನ ಮೇಲೆ ಒಂದು ಗಳಿಗೆ ಕೂತು, ಇಳಿಯಿತು. ಹಾಗಾದ್ರೆ ನಾನು ಮರೆತಿರ್ಲಿಲ್ಲ, ಅಂದರು. ನನಗಲ್ಲ. ಮೆತ್ತೆಗೆ ಹೇಳಿದ ಹಾಗೆ. ಕಟ್ಟೆ ಮೇಲೇ ಇಟ್ಟಿದ್ದೆ.

ಕುರ್ಚಿ ಎಳೆದುಕೊಂಡು ಕೂತರು, ಎಡ ಬೂಟಿನ ಲೇಸು ಬಿಚ್ಚುತ್ತಿದ್ದಾರೆ, ಅವಸರವಿಲ್ಲದೆ, ಒಳಗಿನಿಂದ ಕರವಸ್ತ್ರ ತೆಗೆದರು, ಬೆವರಿಗೆ ಬಣ್ಣ ಹೋದದ್ದು, ಹಿಮ್ಮಡಿಯ ಜಾಗದಲ್ಲಿ ಹರಿದದ್ದು, ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ತೆರೆದ ಪೆಟ್ಟಿಗೆಯೊಳಗೆ ಇಟ್ಟರು, ಬದಲಿಗೆ ಬದಲಿ ಅನ್ನುವ ಹಾಗೆ, ಮೆತ್ತೆಯನ್ನು ಬೂಟಿನೊಳಗೆ ತೂರಿಸಿ ಕಾಲು ಹಾಕಿದರು, ಹಿಮ್ಮಡಿ ತನ್ನ ಕುಳಿ ಹುಡುಕಿಕೊಂಡು ಕೂತದ್ದು ಅವರ ಮುಖದಲ್ಲಿ ಕಾಣಿಸಿತು, ಕಣ್ಣು ಅರೆಮುಚ್ಚಿತು, ಅವತ್ತು ಎಂಟರ್ ಒತ್ತಿ ಡಾಕ್ಟರು ಮುಚ್ಚಿದ ಹಾಗೆಯೇ, ಎದ್ದು ನಿಂತರು, ಒಂದು ಸಲ ಊರಿ ನೋಡಿದರು, ಪೂರ್ತಿ ಊರಿದರು. ನಾನು ಅವರಿಗೂ ಬಾಗಿಲಿಗೂ ನಡುವೆ ನಿಂತಿದ್ದೇನೆ, ಸಕ್ಕರೆ ಇಲ್ಲದ ಟೀ ಮುಂದೆ ಹಿಡಿದಿದ್ದೇನೆ, ಕೆನೆ ಕಟ್ಟಿದೆ, ಬಾಯಿ ತೆರೆದೆ, ಈ ಸಲ ನಿಜ, ಈ ಸಲ ಪೂರ್ತಿ ನಿಜ, ಮಾವ, ಆಣೆಗೂ ಹೇಳ್ತೀನಿ, ಮೊದಲನೇ ದಿನವೇ ನಾನು ನಿಮಗೆ — ಲೋಟ ತಗೊಳ್ಳಲಿಲ್ಲ, ನಿಲ್ಲಲಿಲ್ಲ, ಪಕ್ಕದಿಂದ ದಾಟಿ ಮೆಟ್ಟಿಲಿಗೆ ಹೋದರು, ನಾನು ನಿಮಗೆ, ನಾನು ನಿಮಗೆ, ವಾಕ್ಯ ಅಲ್ಲೇ ನಿಂತಿದೆ, ಮೆಟ್ಟಿಲ ಮೇಲೆ ಬಲ ಬೂಟಿನ ಸದ್ದಿಲ್ಲ, ಎಡ ಬೂಟಿನ ಸದ್ದೂ ಇಲ್ಲ, ಕಿವಿ ಕೊಟ್ಟರೂ ಇಲ್ಲ, ಎಲ್ಲಿಯವರೆಗೆ ಇಳಿದರೋ ಗೊತ್ತಾಗುತ್ತಿಲ್ಲ, ಮೈದಾನದ ಕಡೆ ಹೋದರೋ ಮನೆ ಕಡೆ ಹೋದರೋ, ಮಗಳಿಗೆ ಏನು ಹೇಳುತ್ತಾರೋ, ಏನೂ ಹೇಳದಿದ್ದರೆ, ಅದೇ ಭಯ, ಏನೂ ಹೇಳದೆ ಊಟಕ್ಕೆ ಕೂತರೆ — ಹಿಂದೆ ಡಾಕ್ಟರು ಏನು ಮಾಡಬೇಕೋ ತೋಚದೆ ಪೆಟ್ಟಿಗೆ ಮುಚ್ಚಿ ಎಂಟರ್ ಒತ್ತಿದರು, ಟಪ್. ಮತ್ತೆ ಒತ್ತಿದರು, ಟಪ್, ಅದೇ ಸದ್ದು, ನಮ್ಮ ಹಜಾರದ್ದು, ಒತ್ತಬೇಡಿ ಡಾಕ್ಟ್ರೇ, ಟಪ್, ಹೆಬ್ಬೆರಳಲ್ಲಿ ಟೀ ಸುಟ್ಟದ್ದು ಈಗ ಉರಿಯುತ್ತಿದೆ, ಹೆಬ್ಬೆರಳು, ಅವರ ಹೆಬ್ಬೆರಳು, ಬೂದು ಮೆತ್ತೆ, ಚಮಚದಲ್ಲಿ ತೋಡಿದ ಹಾಗೆ, ನಡುವಿನಿಂದ ಸ್ವಲ್ಪ ಓರೆಗೆ, ಆ ಕುಳಿ, ಹಿಮ್ಮಡಿಯ ಕುಳಿ, ಅದರಲ್ಲಿ ಒತ್ತಿ ಹಿಡಿದ ಹೆಬ್ಬೆರಳು